ಮಾಡಿದ್ದುಣ್ಣೋ ಮಹರಾಯ

— ಮೇಡಂ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬಾರದು.

— ಗೆದ್ದವಳು ನಾನು. ನಾನ್ಯಾಕೋ ಬೇಜಾರು ಮಾಡ್ಕೊಳ್ಳಲಿ? ಕೇಳು.

— ನೀವು ಆಡಿದ್ದು ಟೇಬಲ್ ಟೆನ್ನಿಸ್ಸಾ? ನಾಲ್ಕು ಗೇಮಲ್ಲಿ ನೀವು ಗಟ್ಟಿಯಾಗಿ ಹೊಡೆದಿದ್ದು ನಾನಂತೂ ನೋಡ್ಲಿಲ್ಲ. ನಿಂತಲ್ಲೇ ನಿಂತು ಬ್ಯಾಟ್ ಅಡ್ಡ ಹಿಡಿದ್ರಿ, ಅಷ್ಟೆ. ನೆಟ್ಟಿಗೆ ಹೊಡೆದವನೂ ನಾನೇ, ಟೇಬಲ್ಲಿಂದಾಚೆ ಕಳಿಸಿದವನೂ ನಾನೇ.

— ಸರಿಯಾಗಿ ಲೆಕ್ಕ ಇಟ್ಟಿದ್ದೀಯ. ಯಾವ ಬಾಲು ನೆಟ್ಟಿಗೆ ಹೋಯ್ತು, ಯಾವುದು ಆಚೆ ಹೋಯ್ತು ಅಂತ ಹೇಳಬಲ್ಲೆಯಾ?

— ಅದೆಲ್ಲ ಯಾರಿಗೆ ನೆನಪಿರುತ್ತೆ? ಆ ಬ್ಯಾಟ್ ಕೊಡಿ ಇಲ್ಲಿ, ನೋಡ್ತೀನಿ.

— ಅದನ್ನ ಮ್ಯಾಚಿಗೆ ಮುಂಚೆ ಕೇಳಬೇಕಿತ್ತು ಕಣೋ. ಆಟ ಶುರುವಾಗೋ ಮೊದಲು ಬ್ಯಾಟನ್ನ ಎದುರಾಳಿಗೂ ಅಂಪೈರಿಗೂ ತೋರಿಸಬೇಕು, ಅವರು ಕೈಗೆ ತಗೊಂಡು ಪರೀಕ್ಷೆ ಮಾಡಬಹುದು ಅಂತ ನಿಯಮಾನೇ ಇದೆ. ನಾನು ಟೇಬಲ್ ಮೇಲಿಟ್ಟೆ. ನೀನು ಫೋನ್ ನೋಡ್ತಿದ್ದೆ. ತಗೋ. ಕೆಂಪು ಕಡೆ ಬೆರಳಾಡಿಸು.

— ಪಿಂಪಲ್ಲು ಬಗ್ಗುತ್ತೆ.

— ಬಗ್ಗುತ್ತಲ್ಲ, ಇಡೀ ಕಥೆ ಅಲ್ಲೇ ಇರೋದು. ಪಿಂಪಲ್ ನಿನ್ನ ರಬ್ಬರಲ್ಲೂ ಇದೆ, ಆದರೆ ಅದು ಒಳಗಡೆ, ಸ್ಪಾಂಜಿನ ಕಡೆ ಮುಖ ಮಾಡಿದೆ. ಹೊರಗೆ ಕಾಣೋದು ಅಂಟಂಟಾದ ಸಪಾಟು ಮೈ. ಪಿಂಪಲ್ ಹೊರಗಿದ್ದು ಗಿಡ್ಡಕ್ಕಿದ್ರೆ ಅದು ಶಾರ್ಟ್ ಪಿಂಪಲ್, ಅದರಲ್ಲಿ ಆಡೋರು ಬೀಸಿ ಹೊಡೆಯೋರು. 2019ರಲ್ಲಿ ಬುಡಾಪೆಸ್ಟಿನ ವಿಶ್ವ ಚಾಂಪಿಯನ್‌ಶಿಪ್ ಫೈನಲ್ ತನಕ ಬಂದ ಸ್ವೀಡನ್ನಿನ ಮಟಿಯಾಸ್ ಫಾಲ್ಕ್ ಫೋರ್‌ಹ್ಯಾಂಡಿಗೆ ಹಾಕೋದು ಅದನ್ನೇ. ನನ್ನದು ಲಾಂಗ್ ಪಿಂಪಲ್, ಉದ್ದ, ತೆಳು. ಸಾಲದ್ದಕ್ಕೆ ನಾನು ಸ್ಪಾಂಜೂ ಹಾಕಿಲ್ಲ, ನೇರ ಮರಕ್ಕೇ ಅಂಟಿಸಿದ್ದೀನಿ.

— ಎಷ್ಟುದ್ದ ಬೇಕಾದ್ರೂ ಇರಬಹುದಾ?

— ಇಲ್ಲ. 1999ರಿಂದ ಕಟ್ಟುನಿಟ್ಟು: ಪಿಂಪಲ್ಲಿನ ಎತ್ತರ ಅದರ ದಪ್ಪದ 1.1 ಪಟ್ಟು ದಾಟಬಾರದು. ಒಂದು ಚದರ ಸೆಂಟಿಮೀಟರಿಗೆ 10ಕ್ಕಿಂತ ಕಮ್ಮಿ ಇರಬಾರದು, 30ಕ್ಕಿಂತ ಹೆಚ್ಚೂ ಇರಬಾರದು. ಅದಿರಲಿ. ನಿನ್ನ ಟಾಪ್‌ಸ್ಪಿನ್ ಬಂದು ಇದಕ್ಕೆ ಬಡಿದಾಗ ಏನಾಗುತ್ತೆ ಅಂತ ಗೊತ್ತಾ?

— ಏನೋ ಮಾಟ ಆಗುತ್ತೆ.

— ಏನೂ ಆಗಲ್ಲ ಅನ್ನೋದೇ ಮಾಟ. ಸಪಾಟು ರಬ್ಬರ್ ಬಾಲನ್ನ ಹಿಡಿಯುತ್ತೆ, ಅದರ ತಿರುಗಾಟ ನಿಲ್ಲಿಸುತ್ತೆ, ಹೊಡೆಯೋನು ತನಗೆ ಬೇಕಾದ ಹೊಸ ಸ್ಪಿನ್ ಹಾಕಿ ಕಳಿಸ್ತಾನೆ. ಇದು ಹಿಡಿಯೋದೇ ಇಲ್ಲ. ಪಿಂಪಲ್ ಬಗ್ಗಿ ದಾರಿ ಬಿಡುತ್ತೆ, ಬಾಲು ಹೆಚ್ಚು ಕಮ್ಮಿ ಹಾಗೇ ತಿರುಗ್ತಾ ವಾಪಸ್ ಹೊರಡುತ್ತೆ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಪೆಡಲ್ ತುಳಿದು ಹಿಂದಿನ ಚಕ್ರ ಜೋರಾಗಿ ತಿರುಗಿಸು. ಅದು ತಿರುಗ್ತಿರೋವಾಗಲೇ ಇಡೀ ಸೈಕಲ್ ಎತ್ತಿಕೊಂಡು ಹಿಂದಕ್ಕೆ ಓಡು. ಚಕ್ರ ಮುಂದಕ್ಕೇ ತಿರುಗ್ತಿದೆ, ಆದರೆ ಹೋಗ್ತಿರೋದು ಹಿಂದಕ್ಕೆ. ಬಾಲಿಗೆ ಹಾಗಾದ್ರೆ ಅದನ್ನ ಏನಂತೀವಿ?

— ಬ್ಯಾಕ್‌ಸ್ಪಿನ್.

— ಹಾಕಿದವರು ಯಾರು?

— ನಾನೇ. ನನ್ನ ಟಾಪ್‌ಸ್ಪಿನ್ನೇ ನನಗೆ ಬ್ಯಾಕ್‌ಸ್ಪಿನ್ ಆಗಿ ಬಂತು.

— ಎಷ್ಟು ಜೋರಾಗಿ ತಿರುವಿದ್ಯೋ ಅಷ್ಟು ಭಾರವಾಗಿ. ಎರಡನೇ ಸಲವೂ ಅದೇ ಹೊಡೆತ ಬೀಸ್ತೀಯ, ಬಾಲು ನೆಟ್ಟಿನ ಬುಡಕ್ಕೆ ಹೋಗುತ್ತೆ. ಅದು ನಿನ್ನ ಅರ್ಧ ಪಾಯಿಂಟುಗಳ ಲೆಕ್ಕ.

— ಇನ್ನರ್ಧ? ಆಚೆ ಹೋದವು?

— ಅವು ಇನ್ನೂ ಸ್ವಾರಸ್ಯ. ಹೆದರಿಕೊಂಡು ನೀನು ಪುಶ್ ಮಾಡೋಕೆ ಶುರು ಮಾಡಿದೆ. ಪುಶ್ ಅಂದ್ರೆ ಬ್ಯಾಕ್‌ಸ್ಪಿನ್. ನಾನೂ ಪುಶ್ ಮಾಡೋ ಹಾಗೆ ಬ್ಯಾಟನ್ನ ಕೆಳಮುಖವಾಗಿ ತಳ್ಳಿದೆ. ನಿನ್ನ ಕಣ್ಣು ನನ್ನ ಕೈ ನೋಡ್ತು, ಓ ಬ್ಯಾಕ್‌ಸ್ಪಿನ್ ಬರ್ತಿದೆ ಅಂದುಕೊಂಡೆ, ಬ್ಯಾಟ್ ಮೇಲ್ಮುಖ ಮಾಡಿ ಎತ್ತಿದೆ. ಆದರೆ ಬಂದಿದ್ದು ಬ್ಯಾಕ್‌ಸ್ಪಿನ್ ಅಲ್ಲ. ನಿನ್ನ ಬ್ಯಾಕ್‌ಸ್ಪಿನ್ ತಿರುಗುಮುರುಗಾಗಿ ಒಂಚೂರು ಟಾಪ್‌ಸ್ಪಿನ್ ಆಗಿತ್ತು, ಇಲ್ಲಾಂದ್ರೆ ಏನೂ ಇರಲಿಲ್ಲ. ಎತ್ತಿದ ಬಾಲು ಗೋಡೆಗೆ ಹೋಯ್ತು.

— ಅಂದ್ರೆ ನಿಮ್ಮ ಕೈ ಸುಳ್ಳು ಹೇಳ್ತಿತ್ತು.

— ನನ್ನ ಕೈಯನ್ನ ನೋಡು ಅಂತ ನಿನಗೆ ಯಾರು ಹೇಳಿದ್ರು? ಚಿಕ್ಕಂದಿನಿಂದ ಕೋಚ್ ಹೇಳಿಕೊಟ್ಟಿದ್ದು ಅದು, ಎದುರಾಳಿಯ ಬ್ಯಾಟ್ ಯಾವ ಕಡೆ ಬೀಸುತ್ತೆ ನೋಡಿ ಸ್ಪಿನ್ ಓದು ಅಂತ. ಸಪಾಟು ರಬ್ಬರಿಗೆ ಅದು ಸರಿ. ಪಿಂಪಲ್ ಎದುರಿಗೆ ಅದು ಉಪಯೋಗಕ್ಕೆ ಬರಲ್ಲ. ಇಲ್ಲಿ ನೋಡಬೇಕಾದ್ದು ನಿನ್ನ ಹಿಂದಿನ ಹೊಡೆತ. ಮಾಡಿದ್ದುಣ್ಣೋ ಮಹರಾಯ ಅಂತ ಅಡುಗೆಮನೆಯ ಮಾತಾಗಿ ಕೇಳಿದ್ದೀಯ, ಕ್ರೀಡೆಯಲ್ಲಿ ಅದು ಅಕ್ಷರಶಃ ನಡೆಯೋದು ಈ ರಬ್ಬರಲ್ಲಿ ಮಾತ್ರ.

— ಇಷ್ಟೆಲ್ಲ ಕೇಳಿದ ಮೇಲೂ ನನಗನ್ನಿಸೋದು ಇದು ನ್ಯಾಯ ಅಲ್ಲ ಅಂತಲೇ. ಕುಣೀಲಾರದವಳು ನೆಲ ಡೊಂಕು ಅಂದ್ಲು ಅಂತ ಗಾದೆ ಹೇಳಬೇಡಿ. ನಾನು ಆರನೇ ಕ್ಲಾಸಿಂದ ಬೆಳಿಗ್ಗೆ ಎದ್ದು ಫೋರ್‌ಹ್ಯಾಂಡ್ ತಿದ್ದಿಕೊಂಡವನು. ನನ್ನ ಶ್ರಮವನ್ನ ನೀವು ಒಂದು ರಬ್ಬರ್ ಹಾಳೆ ಕೊಂಡು ಅಳಿಸಿಹಾಕ್ತೀರ.

— ಹೇಳಲ್ಲ ಬಿಡು. ನಿನ್ನ ಸಿಟ್ಟು ಹೊಸದೂ ಅಲ್ಲ. 1952ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಮ್ಮ ಬೊಂಬಾಯಿಯಲ್ಲೇ ನಡೆದಾಗ ಜಪಾನಿನ ಹಿರೋಜಿ ಸಾಟೊ ದಪ್ಪ ಸ್ಪಾಂಜ್ ಹಚ್ಚಿದ ಬ್ಯಾಟ್ ತಂದಿದ್ದ. ಅವತ್ತಿನ ತನಕ ಎಲ್ಲರೂ ಆಡ್ತಿದ್ದದ್ದು ಗಿಡ್ಡ ಪಿಂಪಲ್ಲಿನ ಬರೀ ರಬ್ಬರಲ್ಲಿ, ಹೊಡೆದ್ರೆ ಟಕ್ ಅಂತ ಸದ್ದು. ಸಾಟೊನ ಬ್ಯಾಟಿಗೆ ಸದ್ದೇ ಇರಲಿಲ್ಲ. ಯುರೋಪಿನ ದೊಡ್ಡ ದೊಡ್ಡ ಆಟಗಾರರು ಕಿವಿ ಕಳಕೊಂಡವರ ಹಾಗೆ ತಬ್ಬಿಬ್ಬಾದ್ರು. ಸಾಟೊ ಚಾಂಪಿಯನ್ ಆದ. ಆವಾಗಲೂ ಇದು ಆಟವೇ ಅಲ್ಲ ಅಂದ್ರು. ಆ ಜಗಳದಿಂದಲೇ ಮುಂದೆ 1959ರಲ್ಲಿ ಬ್ಯಾಟಿಗೆ ಏನು ಹಚ್ಚಬಹುದು, ಎಷ್ಟು ದಪ್ಪ ಅಂತ ನಿಯಮ ಬಂತು. ನೀನು ಶ್ರಮ ಅಂತ ಹೇಳ್ತೀಯಲ್ಲ, ಆ ಫೋರ್‌ಹ್ಯಾಂಡ್ ಸಾಧ್ಯವಾಗಿದ್ದೇ ಆ ಸ್ಪಾಂಜಿನ ವಂಶದಿಂದ.

— ಸ್ಪಾಂಜನ್ನ ಆಮೇಲೆ ಎಲ್ಲರೂ ಹಾಕಿಕೊಂಡ್ರು. ಲಾಂಗ್ ಪಿಂಪಲ್ ಹಾಗಲ್ವಲ್ಲ.

— ಒಳ್ಳೆ ಮಾತು. ಎಲ್ಲರೂ ಯಾಕೆ ಹಾಕಿಕೊಳ್ಳಲಿಲ್ಲ ಹೇಳು? ನೀನಂದ ಹಾಗೆ ಹಾಳೆ ಕೊಂಡರೆ ಗೆಲುವು ಬರೋದಾದ್ರೆ ಎಲ್ಲರೂ ಕೊಳ್ತಿದ್ರು. ಪುರುಷರಲ್ಲಿ 2003ರಲ್ಲಿ ಪ್ಯಾರಿಸಿನ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ಗೆ ಲಾಂಗ್ ಪಿಂಪಲ್ ಹಿಡಿದು ಕೊರಿಯಾದ ಜೂ ಸೆ-ಹ್ಯುಕ್ ಬಂದ, ಆಸ್ಟ್ರಿಯಾದ ವರ್ನರ್ ಶ್ಲಾಗರ್ ಎದುರು ಸೋತ. ಅದಾದ ಮೇಲೆ ಅವನ ಹಾಗೆ ಟೇಬಲ್ಲಿಂದ ದೂರ ನಿಂತು ಚಾಪ್ ಮಾಡೋನು, ಅಂದ್ರೆ ಬ್ಯಾಟನ್ನ ಕೆಳಕ್ಕೆ ಬೀಸಿ ಬ್ಯಾಕ್‌ಸ್ಪಿನ್ ಹಾಕಿ ಕಳಿಸೋನು, ವಿಶ್ವ ಚಾಂಪಿಯನ್‌ಶಿಪ್ಪಿನ ಸಿಂಗಲ್ಸ್ ಫೈನಲ್ ಕಂಡಿಲ್ಲ. ಈ ರಬ್ಬರಿಗೆ ದೊಡ್ಡ ಬಡತನ ಒಂದಿದೆ, ಅದಕ್ಕೆ ಸ್ವಂತದ್ದು ಅಂತ ಏನೂ ಇಲ್ಲ. ಸ್ಪಿನ್ ಇಲ್ಲ, ವೇಗ ಇಲ್ಲ. ನೀನು ಕೊಟ್ಟರೆ ಉಂಟು, ಕೊಡದಿದ್ರೆ ಇಲ್ಲ.

— ಹಾಗಾದ್ರೆ ಎಪ್ಪತ್ತರ ದಶಕದ ಚೀನೀಯರ ವಿಷಯ? ಅವರ ಬ್ಯಾಟಿನ ಎರಡೂ ಕಡೆ ಒಂದೇ ಬಣ್ಣ ಇರ್ತಿತ್ತಂತೆ. ಒಂದು ಕಡೆ ಸಪಾಟು, ಇನ್ನೊಂದು ಕಡೆ ಪಿಂಪಲ್ಲು, ಬೆರಳಲ್ಲಿ ತಿರುಗಿಸ್ತಾ ಸರ್ವ್ ಮಾಡ್ತಿದ್ರಂತೆ.

— ಅದು ಮೋಸ ಅಂತಲೇ ನಾನೂ ಹೇಳ್ತೀನಿ. ನಿಯಮದ ಒಳಗಿನ ಮೋಸ. ಯಾವ ಕಡೆಯಿಂದ ಹೊಡೆದ ಅಂತ ಎದುರಾಳಿ ಸದ್ದು ಕೇಳಿ ಊಹಿಸಬೇಕಿತ್ತು. ಆ ಸದ್ದೂ ಕೇಳಬಾರದು ಅಂತ ಕೆಲವರು ಸರ್ವ್ ಮಾಡೋವಾಗ ಕಾಲು ನೆಲಕ್ಕೆ ದಡ್ ಅಂತ ಅಪ್ಪಳಿಸ್ತಿದ್ರು. ನೋಡೋಕೆ ಬಂದವರಿಗೂ ಅರ್ಥ ಆಗ್ತಿರಲಿಲ್ಲ. ಇಬ್ಬರು ಜಗತ್ಪ್ರಸಿದ್ಧರು ಎಳೇ ಮಕ್ಕಳ ಹಾಗೆ ಬಾಲು ಬಿಡ್ತಿದ್ದಾರಲ್ಲ ಅನ್ನಿಸ್ತಿತ್ತು. ಅದಕ್ಕೆ 1986ರಿಂದ ಒಂದು ಕಡೆ ಕೆಂಪು, ಒಂದು ಕಡೆ ಕಪ್ಪು ಅಂತಾಯ್ತು. ಈಗ 2021ರಿಂದ ಕೆಂಪಿನ ಜಾಗದಲ್ಲಿ ನೀಲಿ, ಹಸಿರು, ಗುಲಾಬಿ, ನೇರಳೆಯೂ ಬಂದಿದೆ, ಕಪ್ಪು ಮಾತ್ರ ಖಾಯಂ. ಜಾರುವಿಕೆ ಬಿಟ್ಟು ಇನ್ನೇನೂ ಇಲ್ಲದ ಪಿಂಪಲ್ಲುಗಳಿದ್ವು, ಅವನ್ನ 2008ರಲ್ಲಿ ತೆಗೆದುಹಾಕಿದ್ರು. ಇದರ ನಡುವೆ 2000ದಲ್ಲಿ ಬಾಲು 38 ಮಿಲಿಮೀಟರಿಂದ 40ಕ್ಕೆ ದಪ್ಪಗಾಯ್ತು, 2014ರಲ್ಲಿ ಸೆಲ್ಯುಲಾಯ್ಡ್ ಹೋಗಿ ಪ್ಲಾಸ್ಟಿಕ್ ಬಂತು. ಎರಡು ಸಲವೂ ಸ್ಪಿನ್ ಕಮ್ಮಿಯಾಯ್ತು. ನೀವು ಹಾಕೋ ಸ್ಪಿನ್ ಕಮ್ಮಿಯಾದಷ್ಟೂ ನನ್ನ ಬಂಡವಾಳ ಕಮ್ಮಿ. ಇಷ್ಟು ಸಲ ಕೈಕಾಲು ಕತ್ತರಿಸಿಕೊಂಡ ಮೇಲೂ ಉಳಿದಿರೋ ಆಯುಧ ಇದು. ಇನ್ನೂ ಅನ್ಯಾಯ ಅಂತೀಯಾ?

— ಬಿಸಿಲಲ್ಲಿ ಒಣಗಿಸೋರ ವಿಷಯ ಏನು? ಕಳೆದ ವರ್ಷ ಒಂದು ಟೂರ್ನಮೆಂಟಲ್ಲಿ ಒಬ್ಬರ ರಬ್ಬರ್ ಮುಟ್ಟಿ ನೋಡಿದ್ರೆ ಸಾಬೂನಿನ ಹಾಗೆ ಜಾರ್ತಿತ್ತು.

— ಇದ್ದಾರೆ. ತಾರಸಿ ಮೇಲೆ ಹಪ್ಪಳದ ಪಕ್ಕ ರಬ್ಬರ್ ಒಣ ಹಾಕೋರು ಇದ್ದಾರೆ. ಕಾಯಿಸಿದ್ರೆ ಪಿಂಪಲ್ ನುಣುಪಾಗುತ್ತೆ, 2008ರಲ್ಲಿ ತೆಗೆದುಹಾಕಿದ್ದು ಹಿಂಬಾಗಿಲಿಂದ ವಾಪಸ್ ಬರುತ್ತೆ. ಅದು ಶುದ್ಧ ಕಳ್ಳತನ. ರಬ್ಬರಿಗೆ ಏನೂ ಮಾಡದೆ ಕಂಪನಿಯಿಂದ ಬಂದ ಹಾಗೇ ಆಡಬೇಕು ಅಂತ ನಿಯಮ. ಕ್ಲಬ್ ಮಟ್ಟದಲ್ಲಿ ಪರೀಕ್ಷೆ ಮಾಡೋ ಸಲಕರಣೆ ಇರಲ್ಲ, ಅವರಿಗೆ ಅದು ಗೊತ್ತು. ಇಂಥವರಿಂದಲೇ ನಮಗೆಲ್ಲ ಕೆಟ್ಟ ಹೆಸರು.

— ನೀವು ಯಾಕೆ ಇದಕ್ಕೆ ಬಂದ್ರಿ? ಬ್ಯಾಂಕಿನ ಟೀಮಲ್ಲಿ ನೀವು ಅಟ್ಯಾಕ್ ಮಾಡ್ತಿದ್ರಿ ಅಂತ ಅಪ್ಪ ಹೇಳ್ತಾರೆ.

— ಮಂಡಿ ಕಣೋ. ಫೋರ್‌ಹ್ಯಾಂಡ್ ಟಾಪ್‌ಸ್ಪಿನ್ ಹೊಡೆಯೋದು ಕೈಯಿಂದಲ್ಲ, ಕಾಲಿಂದ. ಕಾಲು ಮುಷ್ಕರ ಹೂಡಿದ ಮೇಲೆ ಎರಡೇ ದಾರಿ, ಆಟ ಬಿಡೋದು, ಇಲ್ಲ ಕಮ್ಮಿ ಓಡೋ ಆಟ ಕಲಿಯೋದು. ನಮ್ಮಲ್ಲಿ ಬಹಳ ಜನ ಪಿಂಪಲ್ಲಿಗೆ ಬರೋದು ಐವತ್ತು ದಾಟಿದ ಮೇಲೆ, ಹೀಗೇ. ಅದಕ್ಕೇ ನಿಮಗೆಲ್ಲ ಇದು ಅಂಕಲ್ ಆಂಟಿಯರ ಕಿತಾಪತಿ ಅನ್ನಿಸೋದು. ಆದರೆ ಚಿಕ್ಕ ವಯಸ್ಸಲ್ಲೇ ಇದನ್ನ ಹಿಡಿದವರನ್ನ ನೋಡು. ಚೀನಾದ ಡೆಂಗ್ ಯಾಪಿಂಗ್ ಎತ್ತರ ಸುಮಾರು ಐದು ಅಡಿ. ಗಿಡ್ಡ ಅಂತ ಪ್ರಾಂತ್ಯದ ತಂಡಕ್ಕೇ ಬೇಡ ಅಂದಿದ್ರು. ಬ್ಯಾಕ್‌ಹ್ಯಾಂಡಿಗೆ ಲಾಂಗ್ ಪಿಂಪಲ್ ಹಾಕಿಕೊಂಡು 1992ರ ಬಾರ್ಸಿಲೋನಾ, 1996ರ ಅಟ್ಲಾಂಟಾ, ಎರಡು ಒಲಿಂಪಿಕ್ಸಲ್ಲೂ ಸಿಂಗಲ್ಸ್ ಚಿನ್ನ, ಡಬಲ್ಸ್ ಚಿನ್ನ. ಆಕೆ ನನ್ನ ಹಾಗೆ ನಿಂತು ತಡೀತಿರಲಿಲ್ಲ, ಪಿಂಪಲ್ಲಿಂದ ಬಾಲು ಸತ್ತು ಹೋಗೋ ಹಾಗೆ ಮಾಡಿ, ಎದುರಾಳಿ ತಡವರಿಸಿದ ತಕ್ಷಣ ಫೋರ್‌ಹ್ಯಾಂಡಲ್ಲಿ ಮುಗಿಸ್ತಿದ್ಲು.

— ನಮ್ಮ ಮಣಿಕಾ ಬಾತ್ರಾ ಹಾಗೆ.

— ಹೌದು, ಮಣಿಕಾ ಆಟದ ಬೇರು ಅಲ್ಲೇ ಇದೆ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ವಿಶ್ವದ ನಾಲ್ಕನೇ ಸ್ಥಾನದಲ್ಲಿದ್ದ ಸಿಂಗಪುರದ ಫೆಂಗ್ ಟಿಯಾನ್‌ವೀಯನ್ನ ಒಂದೇ ಕೂಟದಲ್ಲಿ ಎರಡು ಸಲ ಸೋಲಿಸಿದ್ಲು, ಟೀಮ್ ಫೈನಲ್ಲಲ್ಲಿ ಒಂದು, ಸಿಂಗಲ್ಸ್ ಸೆಮಿಫೈನಲ್ಲಲ್ಲಿ ಒಂದು. ಫೆಂಗ್ ಒಲಿಂಪಿಕ್ ಪದಕ ಗೆದ್ದವಳು, ಪಿಂಪಲ್ ಕಾಣದವಳಲ್ಲ. ಮೊದಲ ಸಲ ಸೋತ ಮೇಲೆ ಯೋಚನೆ ಮಾಡೋಕೆ ಸಮಯವೂ ಇತ್ತು. ಆದರೂ ಮಣಿಕಾ ತಿಪ್ಪರಲಾಗ ಹಾಕಿಸಿದ್ಲು. ಯಾಕೆ ಗೊತ್ತಾ? ಎಲ್ಲಾ ಬಾಲೂ ಪಿಂಪಲ್ಲಿಂದ ಬರಲ್ಲ. ನಡುವೆ ಬ್ಯಾಟ್ ತಿರುಗಿಸಿ ಸಪಾಟು ಕಡೆಯಿಂದ ಒಂದು, ಮತ್ತೆ ಪಿಂಪಲ್ಲಿಂದ ಒಂದು. ಲೆಕ್ಕ ತಪ್ಪುತ್ತೆ.

— ಡಬಲ್ಸಲ್ಲಿ ಜೊತೆಗಾರ್ತಿಗೆ ಕಷ್ಟ ಅಲ್ವಾ?

— ಕಷ್ಟವೂ ಹೌದು, ಲಾಭವೂ ಹೌದು. ಡಬಲ್ಸಲ್ಲಿ ಒಬ್ಬರಾದ ಮೇಲೆ ಒಬ್ಬರು ಹೊಡೆಯಬೇಕು. ಮಣಿಕಾ ಪಿಂಪಲ್ಲಿಂದ ಕಳಿಸಿದ ಬಾಲಿಗೆ ಎದುರಿನವರು ತಡಬಡಾಯಿಸಿ ಏನೋ ಒಂದು ಎತ್ತಿ ಕೊಡ್ತಾರೆ, ಅದು ಬರೋದು ಜೊತೆಯವಳಿಗೆ. ನಮ್ಮ ಬೆಂಗಳೂರಿನ ಅರ್ಚನಾ ಕಾಮತ್ ಅವಳ ಜೊತೆ ಆಡ್ತಿದ್ದಾಗ ಆ ಎತ್ತಿದ ಬಾಲನ್ನ ಬಡಿಯೋ ಕೆಲಸ ಅರ್ಚನಾದು. 2021ರಲ್ಲಿ ಸ್ಲೊವೇನಿಯಾದ ಲಾಷ್ಕೊದಲ್ಲಿ ಡಬ್ಲ್ಯುಟಿಟಿ ಕಂಟೆಂಡರ್ ಟೂರ್ನಮೆಂಟಿನ ಡಬಲ್ಸ್ ಇಬ್ಬರೂ ಸೇರಿ ಗೆದ್ರು. ಆದರೆ ತಡವರಿಕೆಯ ಬಾಲು ಹೇಗೆ ಬರುತ್ತೆ ಅಂತ ಯಾರೂ ಹೇಳೋಕಾಗಲ್ಲ. ಅದಕ್ಕೆ ಕಾಲು ಚುರುಕಿರೋ ಜೊತೆಗಾರ್ತಿ ಬೇಕು.

— ಸರಿ ಮೇಡಂ. ಈಗ ನಿಜ ಹೇಳಿ. ನಿಮ್ಮನ್ನ ಸೋಲಿಸೋದು ಹೇಗೆ?

— ಶತ್ರುವಿನ ಹತ್ತಿರವೇ ಕೇಳ್ತೀಯಲ್ಲೋ. ಹೇಳ್ತೀನಿ, ಯಾಕಂದ್ರೆ ಹೇಳಿದ್ರೂ ನೀವು ಮಾಡಲ್ಲ. ಸರ್ವಿಂದ ಶುರು ಮಾಡೋಣ. ನಿನ್ನ ಸರ್ವಲ್ಲಿ ನಿನಗೆ ಬಹಳ ಹೆಮ್ಮೆ ಇರೋದು ಯಾವುದು?

— ಸೈಡ್ ಸ್ಪಿನ್ ಬ್ಯಾಕ್‌ಸ್ಪಿನ್ ಸೇರಿಸಿ ಹಾಕ್ತೀನಲ್ಲ, ಅದು.

— ನನಗೆ ಅದು ಹಬ್ಬ. ನೀನು ಮಣಿಕಟ್ಟು ಮುರಿದು ಹಾಕಿದ್ದನ್ನೆಲ್ಲ ನಾನು ಕೈ ಅಲ್ಲಾಡಿಸದೆ ವಾಪಸ್ ಕೊಡ್ತೀನಿ. ನನಗೆ ತಲೆನೋವು ತರೋ ಸರ್ವ್ ಯಾವುದು ಗೊತ್ತಾ? ಉದ್ದಕ್ಕೆ, ವೇಗವಾಗಿ, ಸ್ಪಿನ್ನೇ ಇಲ್ಲದೆ ನೇರ ಕೆಂಪಿಗೆ ಬರೋದು. ತಿರುಗಿಸೋಕೆ ಏನೂ ಇಲ್ಲ. ಪಿಂಪಲ್ಲಿಂದ ನಾನೇ ಏನಾದ್ರೂ ಹುಟ್ಟಿಸಬೇಕು, ಅದರಲ್ಲಿ ಹುಟ್ಟಲ್ಲ. ಬಾಲು ಬೋಳುಬೋಳಾಗಿ ಸ್ವಲ್ಪ ಎತ್ತರಕ್ಕೆ ಬರುತ್ತೆ. ಅದನ್ನ ಚಪ್ಪಟೆಯಾಗಿ ಹೊಡಿ, ತಿರುವಬೇಡ.

— ಅಂಥ ಸರ್ವ್ ಮಾಡೋಕೆ ನಾಚಿಕೆ ಆಗುತ್ತೆ. ಈಗ ತಾನೇ ಆಟ ಕಲಿಯೋರು ಮಾಡೋ ಸರ್ವ್ ಅದು.

— ಅದಕ್ಕೇ ಅಂದೆ, ಹೇಳಿದ್ರೂ ಮಾಡಲ್ಲ ಅಂತ. ಬಹಳ ಚೆನ್ನಾಗಿ ಆಡೋರೇ ಪಿಂಪಲ್ಲಿಗೆ ಸುಲಭವಾಗಿ ಬೀಳೋದು. ಹೋದ ತಿಂಗಳು ನೆಟ್ ದಾಟಿಸೋಕೆ ಕಲಿತ ಹುಡುಗಿ ಮೆಲ್ಲಗೆ ಬೋಳು ಬಾಲು ಹಾಕ್ತಾ ಹಾಕ್ತಾ ನನ್ನ ಹತ್ತಿರ ಏಳೆಂಟು ಪಾಯಿಂಟ್ ತಗೊಳ್ತಾಳೆ. ನಿನಗೆ ಒಂದು ಗೇಮಲ್ಲಿ ಐದೇ ಬಂತು.

— ರ್ಯಾಲಿ ಶುರುವಾದ ಮೇಲೆ?

— ಟಾಪ್‌ಸ್ಪಿನ್ ಒಂದು ಹೊಡಿ, ಪರವಾಗಿಲ್ಲ. ಮುಂದಿನ ಬಾಲು ಭಾರವಾದ ಬ್ಯಾಕ್‌ಸ್ಪಿನ್ ಆಗಿ ಬರುತ್ತೆ ಅಂತ ಗೊತ್ತಲ್ಲ? ಅದನ್ನ ಸುಮ್ಮನೆ ಪುಶ್ ಮಾಡು. ಆ ಪುಶ್ ನನ್ನಿಂದ ಹಗುರವಾಗಿ, ಬೋಳಾಗಿ ಬರುತ್ತೆ. ಈಗ ಬಡಿ. ಒಂದು ತಿರುವು, ಒಂದು ತಳ್ಳು, ಒಂದು ಬಡಿತ. ಸಾಲಾಗಿ ಎರಡು ಟಾಪ್‌ಸ್ಪಿನ್ ಹೊಡೆಯಲೇಬೇಕು ಅಂತ ಹಟ ಇದ್ರೆ ಎರಡನೆಯದಕ್ಕೆ ಮಂಡಿ ಮಡಚಿ ಕೆಳಗಿಂದ ನಿಧಾನವಾಗಿ ಎತ್ತಬೇಕು, ವೇಗದ ಆಸೆ ಬಿಡಬೇಕು. ಒಂದೇ ಜಾಗಕ್ಕೂ ಹಾಕಬೇಡ. ನನ್ನ ಬಲ ಮೊಣಕೈ ಹತ್ತಿರ, ಕೆಂಪಿಗೂ ಕಪ್ಪಿಗೂ ನಡುವೆ ಹಾಕು, ಯಾವ ಕಡೆ ಹಿಡಿಯಲಿ ಅಂತ ನನಗೇ ಗೊಂದಲವಾಗುತ್ತೆ. ಆಮೇಲೆ ದೂರದ ಫೋರ್‌ಹ್ಯಾಂಡಿಗೆ. ಮಂಡಿ ವಿಷಯ ಹೇಳಿದೆನಲ್ಲ, ಅಲ್ಲಿಗೆ ನಾನು ತಲುಪೋದು ಕಷ್ಟ. ತಲುಪಿದ್ರೂ ಅಲ್ಲಿರೋದು ಕಪ್ಪು ಸಪಾಟು, ನಿನಗೆ ಪರಿಚಯದ ಬಾಲೇ ಬರುತ್ತೆ.

— ಇದೆಲ್ಲ ಪ್ರಾಕ್ಟೀಸ್ ಮಾಡಬೇಕಲ್ಲ. ಯಾರ ಜೊತೆ?

— ಕ್ಲಬ್ಬಲ್ಲಿ ನಾನು ಪ್ರತಿ ಸಂಜೆ ಟೇಬಲ್ ಖಾಲಿಯಾಗೋದನ್ನ ಕಾದು ಕೂತಿರ್ತೀನಿ. ನಿಮ್ಮ ಗುಂಪಿನ ಒಬ್ಬನೂ ಬನ್ನಿ ಮೇಡಂ ಅಂತ ಕರೆದದ್ದಿಲ್ಲ. ಇವರ ಜೊತೆ ಆಡಿದ್ರೆ ಆಟ ಕೆಡುತ್ತೆ ಅಂತ ಕೋಚೇ ಹೇಳ್ತಾರಂತೆ. ಕೆಡುತ್ತೋ ಬಿಡುತ್ತೋ, ಚೀನಾದಲ್ಲಿ ನೋಡು, ಪರದೇಶದ ಒಬ್ಬಳು ವಿಚಿತ್ರವಾಗಿ ಆಡ್ತಾಳೆ ಅಂದ್ರೆ ಅವಳ ಹಾಗೇ ಆಡೋ ಒಬ್ಬರನ್ನ ತಯಾರು ಮಾಡಿ ತಮ್ಮವರಿಗೆ ಅಭ್ಯಾಸಕ್ಕೆ ನಿಲ್ಲಿಸ್ತಾರೆ. ಅಷ್ಟೆಲ್ಲ ಮಾಡಿದ್ರೂ ಕೆಲವು ಸಲ ತಪ್ಪಿಸಿಕೊಳ್ಳೋಕಾಗಲ್ಲ. 2024ರ ಫೆಬ್ರವರಿಯಲ್ಲಿ ಬುಸಾನ್‌ನ ವಿಶ್ವ ಟೀಮ್ ಚಾಂಪಿಯನ್‌ಶಿಪ್ಪಲ್ಲಿ ನಮ್ಮ ಆಯ್ಹಿಕಾ ಮುಖರ್ಜಿ ವಿಶ್ವದ ನಂಬರ್ ಒನ್ ಸುನ್ ಯಿಂಗ್‌ಶಾಳನ್ನ ಸೋಲಿಸಿದ್ಲಲ್ಲ.

— ಅವಳದ್ದು ಪಿಂಪಲ್ ಅಲ್ಲ, ಆಂಟಿ-ಸ್ಪಿನ್.

— ಹೊರಗಿಂದ ಸಪಾಟು, ಆದರೆ ಹಿಡಿತವಿಲ್ಲದ ಮೈ. ಪಿಂಪಲ್ಲಿನ ದಾಯಾದಿ. ಆ ಟೈ ಭಾರತ 3-2ರಲ್ಲಿ ಸೋತಿತು ಅನ್ನೋದನ್ನೂ ಹೇಳಬೇಕು, ಇಲ್ಲಾಂದ್ರೆ ಜಂಬ ಆಗುತ್ತೆ. ಅದೇ ಸುನ್ ಯಿಂಗ್‌ಶಾ ಆ ವರ್ಷ ಪ್ಯಾರಿಸ್ ಒಲಿಂಪಿಕ್ಸಲ್ಲಿ ಲಕ್ಸೆಂಬರ್ಗಿನ ನಿ ಶಿಯಾಲಿಯಾನ್ ಎದುರು ಆಡಿದ್ಲು. ಆಕೆಗೆ ಆಗ 61 ವರ್ಷ, ಬ್ಯಾಟಲ್ಲಿ ಲಾಂಗ್ ಪಿಂಪಲ್ಲು. ಸುನ್ ಗೆದ್ಲು, ಸುಲಭವಾಗೇ ಗೆದ್ಲು. ಆದರೆ ಅದಕ್ಕೆ ಹಿಂದಿನ ಸುತ್ತಲ್ಲಿ ತನಗಿಂತ ದಶಕಗಳಷ್ಟು ಚಿಕ್ಕವಳನ್ನ ಮನೆಗೆ ಕಳಿಸಿ ಬಂದಿದ್ಲು ಆ ಅಜ್ಜಿ. ಇದನ್ನ ನಿಷೇಧ ಮಾಡಿ ಅನ್ನೋರಿಗೆ ನಾನು ಕೇಳೋದು ಇಷ್ಟೇ, ಇನ್ಯಾವ ಆಟದಲ್ಲಿ ಅರವತ್ತು ದಾಟಿದವಳು ಒಲಿಂಪಿಕ್ಸಿನ ಸಿಂಗಲ್ಸಲ್ಲಿ ಹೀಗೆ ಓಡಾಡೋ ಎದುರಾಳಿಯನ್ನ ಗೆದ್ದಿದ್ದಾಳೆ, ತೋರಿಸಿ.

— ಅದು ವಾದ ಅಲ್ಲ ಮೇಡಂ, ಅದು ಪ್ರೀತಿ.

— ಇರಲಿ ಬಿಡು. ಏನೀಗ?

— ಏನಿಲ್ಲ. ನಾಳೆ ಸಂಜೆ ಆಡೋಣ. ಬೋಳು ಸರ್ವ್ ಕೆಂಪಿಗೆ, ಒಂದು ತಿರುವು, ಒಂದು ತಳ್ಳು, ಒಂದು ಬಡಿತ. ಮೊಣಕೈಗೆ, ಆಮೇಲೆ ಫೋರ್‌ಹ್ಯಾಂಡಿಗೆ. ಹೇಗೆ ಗೆಲ್ತೀರೋ ನೋಡ್ತೀನಿ.

— ನಾಳೆ ನಾನು ಬ್ಯಾಟ್ ತಿರುಗಿಸ್ತೀನಿ. ಕೆಂಪು ಫೋರ್‌ಹ್ಯಾಂಡಿಗೆ ಬರುತ್ತೆ, ಕಪ್ಪು ಬ್ಯಾಕ್‌ಹ್ಯಾಂಡಿಗೆ ಹೋಗುತ್ತೆ. ರ್ಯಾಲಿ ನಡುವೆ.

— ಹಾಗಾದ್ರೆ ನಾನು ಬಾಲು ನೋಡಲೋ ಬಣ್ಣ ನೋಡಲೋ?

— ಎರಡಕ್ಕೂ ಸಮಯ ಇದೆ. ನೀನು ಹೊಡೆದ ಬಾಲು ನೆಟ್ ದಾಟಿ ನನ್ನ ಹತ್ತಿರ ಬರ್ತಿರೋವಾಗ ನಿನ್ನ ಕಣ್ಣಿಗೆ ಬೇರೆ ಕೆಲಸ ಇಲ್ಲ. ಆಗ ನನ್ನ ಬ್ಯಾಟಿನ ಬಣ್ಣ ನೋಡು. ಇವತ್ತು ಅಷ್ಟು ಹೊತ್ತಲ್ಲಿ ಏನು ಮಾಡ್ತಿದ್ದೆ ಗೊತ್ತಾ? ಎಂಥಾ ಟಾಪ್‌ಸ್ಪಿನ್ ಹೊಡೆದೆ ಅಂತ ನಿನ್ನ ಬಾಲನ್ನೇ ನೋಡ್ತಾ ನಿಂತಿದ್ದೆ.

— ಎರಡನೇ ಗೇಮಲ್ಲಿ ಒಂದು ನಿಜವಾಗ್ಲೂ ಚೆನ್ನಾಗಿತ್ತು ಮೇಡಂ.

— ಇತ್ತು. ಅದರ ಮುಂದಿನದು ನೆಟ್ಟಿಗೆ ಹೋಯ್ತು.